ತೇರಿನ ಮುಂದೆ ನಡೆದವರು

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ಹೊರಬರುವ ಸ್ಮರಣ ಸಂಚಿಕೆಯಲ್ಲಿ ಅಡಿಗಲ್ಲನ್ನಿಟ್ಟ ಮೇತ್ರಾಣಿಗಳ, ಸೇವೆ ಸಲ್ಲಿಸಿದ ವಿಚಾರಣಾ ಗುರುಗಳ, ಗಂಟೆಯನ್ನೋ ಪೀಠವನ್ನೋ ಅರ್ಪಿಸಿದ ದಾನಿಗಳ ಹೆಸರುಗಳು ಅಚ್ಚಾಗುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ಹಬ್ಬದ ರಾತ್ರಿ ಸಂತರ ತೇರಿನ ಮುಂದೆ ವಾದ್ಯ ನುಡಿಸುತ್ತ ನಡೆದವರ ಹೆಸರುಗಳು, ಕ್ರಿಸ್ಮಸ್ ಕಾಲದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಹೆರೋದ ಅರಸನಾಗಿ ಗರ್ಜಿಸಿದವರ ಹೆಸರುಗಳು, ಅದೇ ನಾಟಕದಲ್ಲಿ ಸೈನಿಕನ ವೇಷ ಧರಿಸಿ ಮಕ್ಕಳನ್ನು ನಗಿಸಿದವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಇವರು ಹಣ ತೆಗೆದುಕೊಂಡು ಬಂದವರು, ಅಥವಾ ತಮಾಷೆಗಾಗಿ ಸೇರಿದವರು ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಚಿನ್ನದ ಗಣಿಯ ನಾಡಿನಲ್ಲಿ ಜನರನ್ನು ನಲಿಸುವ ಕೆಲಸವನ್ನು ಮಾಡಿದವರು ಯಾರು, ಆ ಕೆಲಸ ಅವರ ಪಾಲಿಗೆ ಏನಾಗಿತ್ತು, ಧರ್ಮಸಭೆ ಅವರನ್ನು ಯಾವ ದೃಷ್ಟಿಯಿಂದ ನೋಡಿತು ಎಂಬುದನ್ನು ವಿಚಾರಿಸಲು ಈ ಪುಟಗಳನ್ನು ಮೀಸಲಿಡುತ್ತೇವೆ.

ರಂಜನೆ ಎಂಬ ಸಂಸ್ಕೃತ ಪದದ ಮೂಲಾರ್ಥ ಬಣ್ಣ ಕಟ್ಟುವುದು. ಬಿಳಿಯ ಬಟ್ಟೆಗೆ ಬಣ್ಣವೇರುವಂತೆ ಬರಿದಾದ ಮನಸ್ಸಿಗೆ ಹರ್ಷವನ್ನು ಏರಿಸುವವನು ರಂಜಕ. ಬಟ್ಟೆಗೆ ಬಣ್ಣ ಹಾಕುವವನ ಕೈಗೂ ಬಣ್ಣ ಅಂಟುತ್ತದೆ. ಅದನ್ನು ಕಂಡು ಜನ ದೂರ ಸರಿಯುವುದೂ ಉಂಟು.

ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿಯ ಆಡಳಿತ 1880ರ ದಶಕದಲ್ಲಿ ಬೇರೂರಿದ ಮೇಲೆ ಇಲ್ಲಿಗೆ ಕೂಲಿಗಾಗಿ ಬಂದವರಲ್ಲಿ ಬಹುಸಂಖ್ಯಾತರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳ ಆದಿದ್ರಾವಿಡ ಬಡವರು. ಮದರಾಸು ಕಡೆಯಿಂದ ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಆ ಹಾದಿಯ ಬೌರಿಂಗ್‌ಪೇಟೆಯಿಂದ, ಎಂದರೆ ಕಮಿಷನರ್ ಬೌರಿಂಗ್ ಸಾಹೇಬರ ಹೆಸರು ಹೊತ್ತಿದ್ದ ಬಂಗಾರಪೇಟೆಯಿಂದ, ಗಣಿಗಳಿಗೆ ಕವಲು ಮಾರ್ಗ ತೆರೆದದ್ದು 1894ರಲ್ಲಿ. ಬಂಗಾರಪೇಟೆಯ ಸುತ್ತಲ ಹಳ್ಳಿಗಳಲ್ಲಿ ಕನ್ನಡ ತೆಲುಗುಗಳೆರಡನ್ನೂ ಆಡುವ ಜನ. ಅವರಿಗೆ ಕೇಳಿಕೆ ಎಂಬ ಬಯಲಾಟ, ಕೀಲುಕುದುರೆ, ಹಗಲುವೇಷ, ತಮಟೆ. ಗಣಿಯ ಲೈನುಗಳಲ್ಲಿ ತಮಿಳು ಜನ. ಅವರಿಗೆ ತೆರುಕೂತ್ತು, ಪರೆ, ಒಪ್ಪಾರಿ. ಸಾಹೇಬರಿಗೂ ಆಂಗ್ಲೋ ಇಂಡಿಯನ್ನರಿಗೂ ಅವರ ಕ್ಲಬ್ಬು, ಪಿಯಾನೋ, ನೃತ್ಯ. ಮೂರು ಲೋಕಗಳೂ ಹತ್ತು ಹದಿನೈದು ಮೈಲಿಗಳೊಳಗೆ ಇದ್ದವು. ಒಂದರ ಸದ್ದು ಇನ್ನೊಂದಕ್ಕೆ ಕೇಳಿಸುತ್ತಿತ್ತಾದರೂ ಒಂದರ ಅಂಗಳಕ್ಕೆ ಇನ್ನೊಂದು ಕಾಲಿಡುತ್ತಿದ್ದುದು ಅಪರೂಪ.

ಈ ವಾದ್ಯಗಳ ಪೈಕಿ ತಮಟೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮರದ ಇಲ್ಲವೆ ಲೋಹದ ಬಳೆಗೆ ಹದ ಮಾಡಿದ ಚರ್ಮವನ್ನು ಬಿಗಿದು ತಮಟೆಯನ್ನು ಮಾಡುತ್ತಾರೆ. ತಮಿಳಿನ ಪರೆಯೂ ಇದೇ ಜಾತಿಯ ವಾದ್ಯ. ನುಡಿಸುವ ಮುನ್ನ ಹುಲ್ಲು, ಕಾಗದ, ಕಸಕಡ್ಡಿಗಳ ಬೆಂಕಿ ಮಾಡಿ ಚರ್ಮವನ್ನು ಕಾಯಿಸಲೇಬೇಕು. ಮಂಜು ಬಿದ್ದ ರಾತ್ರಿಯಾದರೆ ಹಾಡಿನ ನಡುನಡುವೆ ಎರಡು ಮೂರು ಬಾರಿ ಬೆಂಕಿಯ ಬಳಿಗೆ ಓಡಬೇಕು. ಕಾವು ಕಡಿಮೆಯಾದರೆ ನಾದವು ಮಂಕಾಗುತ್ತದೆ, ಹೆಚ್ಚಾದರೆ ಚರ್ಮ ಸೀಳುತ್ತದೆ. ಎಡಹೆಗಲಿಗೆ ತೂಗುಹಾಕಿಕೊಂಡು ಮೈಗೆ ಅವುಚಿ, ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳ್ಳನೆಯ ಕಡ್ಡಿ ಹಿಡಿದು ಬಾರಿಸುತ್ತಾರೆ. ಸಾವಿಗೆ ಒಂದು ಗತ್ತು, ಮದುವೆಗೆ ಒಂದು, ದೇವರ ಉತ್ಸವಕ್ಕೆ ಇನ್ನೊಂದು. ದೂರದಲ್ಲಿದ್ದವನು ಗತ್ತನ್ನು ಕೇಳಿದ ಮಾತ್ರದಿಂದಲೇ ಊರಿನಲ್ಲಿ ನಡೆದದ್ದೇನೆಂದು ತಿಳಿಯಬಲ್ಲನು. ಇಷ್ಟೆಲ್ಲ ಶಾಸ್ತ್ರವಿರುವ ವಿದ್ಯೆಯನ್ನು ನಮ್ಮ ಸಮಾಜ ವಿದ್ಯೆಯೆಂದು ಕರೆಯಲಿಲ್ಲ, ಚಾಕರಿಯೆಂದು ಕರೆಯಿತು. ಊರ ಒಡೆಯನ ಮನೆಯಲ್ಲಿ ಸಾವಾದರೆ ಬಾರಿಸಬೇಕು, ಊರ ದೇವರ ಜಾತ್ರೆಯಾದರೆ ಗುಡಿಯಿಂದ ದೂರ ನಿಂತು ಬಾರಿಸಬೇಕು. ಒಲ್ಲೆನೆನ್ನುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಕೂಲಿಯೆಂದು ದೊರೆಯುತ್ತಿದ್ದುದು ಕಣದ ಕೊನೆಯ ಕಾಳು. ತಮಿಳು ನಾಡಿನಲ್ಲಿ ಈ ವಾದ್ಯದ ಹೆಸರಿನಿಂದಲೇ ಒಂದು ಜಾತಿಗೆ ಹೆಸರು ಬಂದಿತೆಂದೂ, ಆ ಹೆಸರು ಇಂಗ್ಲಿಷ್ ನಿಘಂಟನ್ನು ಸೇರಿ ಬಹಿಷ್ಕೃತನಿಗೆ ಪರ್ಯಾಯ ಪದವಾಯಿತೆಂದೂ ಭಾಷಾವಿದರು ಹೇಳುತ್ತಾರೆ.

ಗಣಿಗೆ ಬಂದ ಮೇಲೆ ಈ ಸಂಬಂಧದಲ್ಲಿ ಒಂದು ಮಹತ್ತರವಾದ ಬದಲಾವಣೆಯಾಯಿತು. ನಮ್ಮ ದೃಷ್ಟಿಯಲ್ಲಿ ಇದು ಚಿನ್ನಕ್ಕಿಂತ ಕಡಿಮೆ ಬೆಲೆಯದಲ್ಲ. ಗಣಿಯ ಕೂಲಿ ಕಷ್ಟದ್ದು, ಅಪಾಯದ್ದು. ಭೂಮಿಯ ಒಡಲಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಗಳು ಮುಟ್ಟಲಾಗದಷ್ಟು ಬಿಸಿ. ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಎದೆ ಸೇರಿ ಕೆಮ್ಮಿ ಕೆಮ್ಮಿ ಸವೆದವರು ಅಸಂಖ್ಯ. ಆದರೂ ಅದು ನಾಣ್ಯದ ಕೂಲಿ. ಕಾಳಿಗಾಗಿ ಒಡೆಯನ ಬಾಗಿಲಲ್ಲಿ ತಮಟೆ ಬಾರಿಸುವ ಅಗತ್ಯ ತಪ್ಪಿತು. ಅದೇ ಮನುಷ್ಯ, ಅದೇ ವಾದ್ಯ. ಆದರೆ ಈಗ ಅವನು ಬಾರಿಸಿದ್ದು ತನ್ನ ಬೀದಿಯ ಮದುವೆಗೆ, ತನ್ನ ಜೊತೆಯಲ್ಲಿ ಗುಂಡಿಗೆ ಇಳಿದವನ ಶವಯಾತ್ರೆಗೆ, ತನಗೆ ಬೇಕಾದಾಗ. ಪಾಳಿಯ ಶಿಳ್ಳೆ ಹೊರತು ಬೇರೆ ಯಾರೂ ಅವನನ್ನು ಕರೆಯುವಂತಿರಲಿಲ್ಲ. ಜನರನ್ನು ನಲಿಸುವುದು ಅವನ ಪಾಲಿಗೆ ಬಿಟ್ಟಿ ಚಾಕರಿಯಾಗಿ ಉಳಿಯದೆ ಇಚ್ಛೆಯ ಕೆಲಸವಾದದ್ದು ಇಲ್ಲಿ.

ತೆರುಕೂತ್ತಿನ ವಿಷಯವೂ ಹೀಗೆಯೇ. ರಾತ್ರಿಯಿಡೀ ನಡೆಯುವ ಆ ಆಟದಲ್ಲಿ ಕರ್ಣನೂ ದ್ರೌಪದಿಯೂ ಎಷ್ಟೇ ಮೆರೆದರೂ ಜನ ಕಾಯುತ್ತಿದ್ದುದು ಕಟ್ಟಿಯಕ್ಕಾರನ್ ಎಂಬ ವಿದೂಷಕನಿಗಾಗಿ. ರಾಜನ ಮುಂದೆ ನಿಂತು ರಾಜನನ್ನು ಗೇಲಿ ಮಾಡುವ, ಕಥೆಯನ್ನು ನಿಲ್ಲಿಸಿ ಪ್ರೇಕ್ಷಕರೊಡನೆ ಹರಟುವ, ಊರಿನ ದೊಡ್ಡವರ ಹುಳುಕನ್ನು ನಗೆಯಲ್ಲಿ ಸುತ್ತಿ ಹೊರಗೆಡಹುವ ಅಧಿಕಾರ ಅವನೊಬ್ಬನಿಗೇ ಇತ್ತು. ಹಗಲಲ್ಲಿ ಮೇಸ್ತ್ರಿಯ ಮುಂದೆ ತಲೆಯೆತ್ತಲಾಗದವರಿಗೆ ಇದು ಎಂಥ ಬಿಡುಗಡೆಯಾಗಿದ್ದಿರಬೇಕೆಂದು ಓದುಗರೇ ಊಹಿಸಬಹುದು. ಕ್ರೈಸ್ತರಾದ ತಮಿಳರು ಈ ಆಟದ ಮಟ್ಟುಗಳಿಗೆ ಸಂತರ ಚರಿತ್ರೆಗಳನ್ನು ಹೊಂದಿಸಿಕೊಂಡರು. ಜ್ಞಾನಸೌಂದರಿಯ ಕಥೆ ತಮಿಳು ರಂಗಭೂಮಿಯಲ್ಲಿ ಬಹಳ ಜನಪ್ರಿಯವಾಗಿ 1948ರಲ್ಲಿ ಚಲನಚಿತ್ರವೂ ಆಯಿತು. ಕನ್ನಡ ಕ್ರೈಸ್ತರಲ್ಲಿ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಗ್ರಾಮಸ್ಥರು ತಾವೇ ವೇಷ ಕಟ್ಟಿ ಆಡುವ ಯೇಸುಸ್ವಾಮಿಯ ಪಾಡಿನ ನಾಟಕ ನಾಡಿಗೇ ಹೆಸರಾದುದು.

ಧರ್ಮಸಭೆ ಇವರನ್ನು ಹೇಗೆ ಕಂಡಿತು? ಉತ್ತರ ಸರಳವಾಗಿಲ್ಲ. 314ರಲ್ಲಿ ಆರ್ಲ್ ಪಟ್ಟಣದಲ್ಲಿ ಸೇರಿದ ಮೇತ್ರಾಣಿಗಳ ಸಭೆ, ನಟರು ಆ ವೃತ್ತಿಯಲ್ಲಿ ಇರುವವರೆಗೂ ಅವರಿಗೆ ಪರಮಪ್ರಸಾದ ಕೂಡದೆಂದು ವಿಧಿಸಿತು. ಅಂದಿನ ರೋಮನ್ ರಂಗಸ್ಥಳದ ಅಶ್ಲೀಲತೆಯನ್ನೂ ಅನ್ಯದೇವತೆಗಳ ಆರಾಧನೆಯೊಡನೆ ಅದಕ್ಕಿದ್ದ ನಂಟನ್ನೂ ನೆನೆದರೆ ಈ ಕಟ್ಟುನಿಟ್ಟು ಅರ್ಥವಾಗುತ್ತದೆ. ಆದರೆ ಕಾರಣಗಳು ಮರೆಯಾದ ಮೇಲೂ ತಿರಸ್ಕಾರ ಉಳಿಯಿತು. 1673ರಲ್ಲಿ ಫ್ರಾನ್ಸಿನ ಮಹಾ ಹಾಸ್ಯ ನಾಟಕಕಾರ ಮೋಲಿಯೇರ್ ತೀರಿಕೊಂಡಾಗ ನಟನೆಂಬ ಕಾರಣಕ್ಕೆ ಕ್ರೈಸ್ತ ಸಮಾಧಿಯನ್ನು ನಿರಾಕರಿಸಲಾಯಿತು. ಅರಸನೇ ನಡುವೆ ಪ್ರವೇಶಿಸಿದ ಮೇಲೆ ರಾತ್ರಿಯ ಕತ್ತಲಲ್ಲಿ ಮಣ್ಣು ಮಾಡಲು ಅನುಮತಿ ದೊರೆಯಿತು. ಇತ್ತ ಇದೇ ಧರ್ಮಸಭೆ, ಜ್ಞಾನಸ್ನಾನವನ್ನು ಅಣಕಿಸಲು ರಂಗವನ್ನೇರಿ ಅಲ್ಲಿಯೇ ಮನಪರಿವರ್ತನೆ ಹೊಂದಿ ರಕ್ತಸಾಕ್ಷಿಯಾದನೆಂದು ಪರಂಪರೆ ಹೇಳುವ ರೋಮ್ ನಗರದ ನಟ ಜೆನೇಸಿಯುಸನನ್ನು ಸಂತನೆಂದು ಗೌರವಿಸಿ, ನಟರ ಪಾಲಕನನ್ನಾಗಿ ಮಾಡಿಕೊಂಡಿದೆ. ಬಾಲ್ಯದಲ್ಲಿ ಹಗ್ಗದ ಮೇಲೆ ನಡೆದು, ಕಣ್ಕಟ್ಟಿನ ಆಟಗಳನ್ನು ತೋರಿಸಿ, ಆಟ ನೋಡಲು ನೆರೆದ ಹುಡುಗರಿಂದ ಜಪ ಹೇಳಿಸುತ್ತಿದ್ದ ಡಾನ್ ಬಾಸ್ಕೋ 1934ರಲ್ಲಿ ಸಂತ ಪದವಿಗೇರಿದರು. ದೇವಮಾತೆಯ ಸ್ವರೂಪದ ಮುಂದೆ ಅರ್ಪಿಸಲು ಬೇರೇನೂ ಇಲ್ಲದೆ ತನ್ನ ಲಾಗಗಳನ್ನೇ ಅರ್ಪಿಸಿದ ಬಡ ದೊಂಬನ ಕಥೆ ಮಧ್ಯಯುಗದ ಫ್ರಾನ್ಸಿನದು. ಅದನ್ನು ನಮ್ಮ ಉಪದೇಶಿಗಳು ಹೇಳಿದರೆ ಮಕ್ಕಳಿಗಿಂತ ಹಿರಿಯರೇ ಹೆಚ್ಚಾಗಿ ಕಣ್ಣೊರಸಿಕೊಳ್ಳುವುದನ್ನು ಕಂಡಿದ್ದೇವೆ.

ಈ ಎರಡು ಮನಸ್ಸು ನಮ್ಮ ಗಣಿ ನಾಡಿಗೂ ಬಂದಿತು. 1903ರ ನವೆಂಬರ್ 22ರಂದು, ಗಾಯಕರ ಪಾಲಕಿ ಸಂತ ಸಿಸಿಲಿಯಳ ಹಬ್ಬದಂದು, ಜಗದ್ಗುರು ಹತ್ತನೆಯ ಪಿಯುಸರು ಪವಿತ್ರ ಸಂಗೀತವನ್ನು ಕುರಿತು ಆಜ್ಞೆಯೊಂದನ್ನು ಹೊರಡಿಸಿದರು. ದೇವಾಲಯದೊಳಗೆ ಪಿಯಾನೋ ಕೂಡದು. ಡೋಲು, ತಾಳ ಮುಂತಾದ ಗದ್ದಲದ ವಾದ್ಯಗಳು ಕೂಡದು. ಬ್ಯಾಂಡ್ ಒಳಗೆ ನುಡಿಸಕೂಡದು. ಹೊರಗಿನ ಮೆರವಣಿಗೆಗಳಲ್ಲಿ ಮಾತ್ರ, ಲೌಕಿಕ ಗೀತಗಳನ್ನು ನುಡಿಸದಿದ್ದರೆ, ಮೇತ್ರಾಣಿಗಳು ಅನುಮತಿ ಕೊಡಬಹುದು ಎಂಬುದು ಅದರ ಸಾರಾಂಶ. ಅಂದು ಈ ಪ್ರದೇಶ ಪ್ಯಾರಿಸಿನ ವಿದೇಶೀ ಮಿಷನ್ ಸಭೆಯ ಗುರುಗಳು ನಡೆಸುತ್ತಿದ್ದ ಮೈಸೂರು ಧರ್ಮಪ್ರಾಂತಕ್ಕೆ ಸೇರಿತ್ತು. ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತವಾದದ್ದು 1940ರಲ್ಲಿ. ಆಜ್ಞೆ ಬಂದದ್ದು ಇಟಲಿಯ ದೇವಾಲಯಗಳಲ್ಲಿ ನಾಟಕ ಸಂಗೀತದ ಹಾವಳಿ ಮಿತಿಮೀರಿದ್ದ ಕಾರಣದಿಂದ. ಆದರೆ ನಮ್ಮಲ್ಲಿ ಅದು ಈಗಾಗಲೇ ಇದ್ದ ಒಂದು ಗೆರೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಗುಡಿಯ ಹೊರಗೆ ನಿಂತು ತಮಟೆ ಬಾರಿಸುತ್ತಿದ್ದವನು ಕ್ರೈಸ್ತನಾದ ಮೇಲೆ ತಾನು ಒಳಗೆ ಬಂದನು, ಅವನ ವಾದ್ಯ ಮಾತ್ರ ಹೊರಗೇ ಉಳಿಯಿತು. ಜಾತಿಯ ಭೇದ ದಕ್ಷಿಣ ಭಾರತದ ಎಷ್ಟೋ ದೇವಾಲಯಗಳ ಒಳಗೂ, ಸ್ಮಶಾನಗಳ ಒಳಗೂ ಇತ್ತೆಂಬುದನ್ನು ಶತಮಾನೋತ್ಸವದ ಸಡಗರದಲ್ಲಿ ಮರೆಮಾಚುವುದು ನಮಗೆ ಸರಿಯೆನಿಸದು.

ತಮಟೆಯ ಜಾಗಕ್ಕೆ ಬ್ಯಾಂಡ್ ಬಂದಿತು. ದಂಡಿನ ಪಟಾಲಮುಗಳ ಮೂಲಕ ಬೆಂಗಳೂರಿಗೆ ಬಂದ ಈ ವಾದ್ಯಮೇಳವನ್ನು ನಮ್ಮವರು ಬೇಗನೆ ಕಲಿತರು. ಕ್ಲಾರಿಯೊನೆಟ್, ಕಾರ್ನೆಟ್, ದೊಡ್ಡ ಕೊಳವೆಯ ಯೂಫೋನಿಯಂ, ಸೈಡ್ ಡ್ರಂ, ಬಿಗ್ ಡ್ರಂ ಇವುಗಳೊಡನೆ ಕೆಂಪೋ ನೀಲಿಯೋ ಬಣ್ಣದ, ಭುಜಕ್ಕೆ ಜರಿಯ ಪಟ್ಟಿಯಿದ್ದ ಸಮವಸ್ತ್ರ. ಈ ಸಮವಸ್ತ್ರದಲ್ಲಿ ಒಂದು ಗುಟ್ಟಿತ್ತು. ತಮಟೆ ಹಿಡಿದವನ ಜಾತಿಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಕಾರ್ನೆಟ್ ಹಿಡಿದವನ ಜಾತಿ ಥಟ್ಟನೆ ತಿಳಿಯುತ್ತಿರಲಿಲ್ಲ. ಗೆಲುವೆಂದೇ ನಾವು ಇದನ್ನು ಎಣಿಸುತ್ತೇವೆ, ಆದರೆ ಅರ್ಧದ ಗೆಲುವು.

ಬ್ಯಾಂಡಿನವರ ದಿನಚರಿಯನ್ನು ಬಲ್ಲವರಿಗೆ ರಂಜಕನ ಬಾಳೆಂದರೇನೆಂಬುದು ಹೆಚ್ಚು ವಿವರಣೆಯಿಲ್ಲದೆ ತಿಳಿಯುತ್ತದೆ. ಮಧ್ಯಾಹ್ನ ಶವಯಾತ್ರೆಯಲ್ಲಿ ನಿಧಾನದ ನಡಿಗೆಯ ಶೋಕಗೀತ. ಸಂಜೆ ಅದೇ ಸಮವಸ್ತ್ರದಲ್ಲಿ, ಅದೇ ಬೂಟಿನ ಧೂಳು ಒರಸಿಕೊಂಡು, ಮದುವೆಯ ಆರತಕ್ಷತೆಯಲ್ಲಿ ಸಿನಿಮಾ ಹಾಡು. ಶವಪೆಟ್ಟಿಗೆಯಲ್ಲಿರುವವನು ಸ್ವಂತ ಪಾಳಿಯ ಜೊತೆಗಾರನೇ ಆಗಿದ್ದರೂ ಕ್ಲಾರಿಯೊನೆಟ್ಟಿನವನು ಅಳುವಂತಿಲ್ಲ; ಅತ್ತರೆ ಉಸಿರು ಕೆಡುತ್ತದೆ, ಉಸಿರು ಕೆಟ್ಟರೆ ಸ್ವರ ಒಡೆಯುತ್ತದೆ. ಅಳುವ ಹಕ್ಕು ಮನೆಯವರದು, ಅಳಿಸುವ ಕೆಲಸ ಇವನದು. ಕಲ್ಲಿನ ಧೂಳು ಕುಡಿದ ಎದೆಯಿಂದ ಉಸಿರೆಳೆದು ಊದುವುದೆಂದರೆ ಏನೆಂಬುದನ್ನು ವೈದ್ಯರು ಹೇಳಬಲ್ಲರು. ಒಪ್ಪಾರಿ ಹಾಡುತ್ತಿದ್ದ ನಮ್ಮ ಅಜ್ಜಿಯಂದಿರನ್ನೂ ಇಲ್ಲಿ ನೆನೆಯಬೇಕು. ಸತ್ತವನ ಗುಣಗಳನ್ನು ಆ ಕ್ಷಣದಲ್ಲಿಯೇ ಪದ ಕಟ್ಟಿ ಹಾಡುತ್ತಿದ್ದ ಅವರನ್ನು ಯಾರೂ ಕವಿಗಳೆನ್ನಲಿಲ್ಲ.

ತನ್ನ ದುಃಖವನ್ನು ಬದಿಗಿಟ್ಟು ಇತರರನ್ನು ನಗಿಸಿದ ಕ್ರೈಸ್ತನೊಬ್ಬನನ್ನು ಗಣಿಯ ಜನ ತಮ್ಮವನೆಂದೇ ಭಾವಿಸಿದ್ದರು. ತಮಿಳು ಚಿತ್ರಗಳ ಹಾಸ್ಯನಟ ಜೆ. ಪಿ. ಚಂದ್ರಬಾಬು ತೂತ್ತುಕುಡಿಯ ಕಥೋಲಿಕ ಮನೆತನದವರು. ಜೋಸೆಫ್ ಪನಿಮಯದಾಸ್ ಎಂಬ ಅವರ ಹೆಸರಿನಲ್ಲಿ ಆ ಊರಿನ ಪನಿಮಯ ಮಾತೆಯ ಹೆಸರೇ ಸೇರಿದೆ. ಸ್ವರವನ್ನು ಥಟ್ಟನೆ ಒಡೆದು ಮೇಲಕ್ಕೆ ಹಾರಿಸುವ ಪಾಶ್ಚಾತ್ಯರ ಹಾಡುಗಾರಿಕೆಯನ್ನು ತಮಿಳು ತೆರೆಗೆ ತಂದವರು, ಬಿದ್ದು ಎದ್ದು ಕುಣಿದು ನಗಿಸಿದವರು. ಅವಕಾಶ ದೊರೆಯದೆ 1952ರಲ್ಲಿ ಪ್ರಾಣ ಕಳೆದುಕೊಳ್ಳಲು ಹೋಗಿ ಬದುಕಿಕೊಂಡವರು, ಆಮೇಲೆ 1958ರ ‘ಸಬಾಷ್ ಮೀನಾ’ದಂತಹ ಚಿತ್ರಗಳಿಂದ ಮನೆಮಾತಾದರು. ಸ್ವಂತ ಚಿತ್ರವೊಂದು ಅರ್ಧಕ್ಕೆ ನಿಂತು ಸಾಲದಲ್ಲಿ ಮುಳುಗಿ, ಐವತ್ತು ತುಂಬುವ ಮುನ್ನವೇ 1974ರಲ್ಲಿ ತೀರಿಕೊಂಡರು. ನಗಿಸುವವನಿಗೆ ದುಃಖವಿಲ್ಲವೆಂದು ತಿಳಿಯುವುದು ಪ್ರೇಕ್ಷಕರು ಲೋಕದ ಎಲ್ಲೆಡೆಯೂ ಮಾಡುವ ತಪ್ಪು.

ಇನ್ನು ತಮಟೆಯ ವಿಷಯಕ್ಕೆ ಮರಳೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಡಿತ ಅಯೋತಿದಾಸರ ಬೌದ್ಧ ಚಳವಳಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬಲವಾಗಿ ಬೇರುಬಿಟ್ಟಿತು. ಅವರ ಬರಹಗಳು ಇಲ್ಲಿಂದಲೇ ಪ್ರಕಟವಾದವು. ಹೇರಲ್ಪಟ್ಟ ಜಾತಿಯ ಹೆಸರನ್ನೇ ನಿರಾಕರಿಸಬೇಕೆಂದು ಅವರು ಕಲಿಸಿದರು. ಮುಂದೆ ತಮಿಳು ಜಿಲ್ಲೆಗಳ ಅನೇಕ ಊರುಗಳಲ್ಲಿ ದಲಿತರು ಸಾವಿಗೆ ಪರೆ ಬಾರಿಸುವುದಿಲ್ಲವೆಂದು ಹಟ ತೊಟ್ಟರು. ಅದಕ್ಕಾಗಿ ಪೆಟ್ಟು ತಿಂದರು. ಅವಮಾನದ ಗುರುತನ್ನು ಎಸೆದುಬಿಡುವುದೇ ಮಾನ ಎಂಬುದು ಅವರ ವಾದ. ಇದಕ್ಕೆ ವಿರುದ್ಧವಾಗಿ 1970ರ ದಶಕದಿಂದೀಚೆಗೆ, ಕೋಲಾರ ಜಿಲ್ಲೆಯಲ್ಲಿ ದಲಿತ ಚಳವಳಿ ಪ್ರಬಲವಾದ ಕಾಲದಲ್ಲಿ, ಅದೇ ವಾದ್ಯವನ್ನು ಎತ್ತಿ ಹಿಡಿದು ಹೋರಾಟದ ಹಾಡುಗಳಿಗೆ ಬಾರಿಸಿದ ತರುಣರೂ ಬಂದರು. ವಾದ್ಯಕ್ಕೆ ಅಂಟಿದ ಮೈಲಿಗೆ ಬಾರಿಸಿದವನದಲ್ಲ, ಬಾರಿಸಲು ಬಲವಂತ ಮಾಡಿದವನದು ಎಂಬುದು ಇವರ ವಾದ. ಎರಡರಲ್ಲಿ ಯಾವುದು ಸರಿಯೆಂದು ತೀರ್ಪು ಕೊಡಲು ನಾವು ಹೊರಡುವುದಿಲ್ಲ. ಆದರೆ ಎಸೆದವನೂ ಎತ್ತಿಕೊಂಡವನೂ ಕೇಳಿದ್ದು ಒಂದನ್ನೇ: ತನ್ನ ಕೈಯ ವಿದ್ಯೆ ತನ್ನ ಇಚ್ಛೆಗೆ ಒಳಪಟ್ಟಿರಬೇಕು.

ಧರ್ಮಸಭೆಯ ಬಾಗಿಲು ತೆರೆದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆಯಿಂದ. 1963ರ ಡಿಸೆಂಬರ್ 4ರಂದು ಪ್ರಕಟವಾದ ದೈವಾರಾಧನೆಯ ಸಂವಿಧಾನ, ಪ್ರತಿಯೊಂದು ಜನಾಂಗದ ಸ್ವಂತ ಸಂಗೀತ ಪರಂಪರೆಗೆ ಯೋಗ್ಯ ಗೌರವವನ್ನು ಕೊಡಬೇಕೆಂದು ವಿಧಿಸಿತು. 1967ರಲ್ಲಿ ಬೆಂಗಳೂರಿನಲ್ಲಿ ಪೂಜ್ಯ ಡಿ. ಎಸ್. ಅಮಲೋರ್ಪವದಾಸ್ ಗುರುಗಳ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರ ಆರತಿ, ದೀಪ, ಭಜನೆಗಳನ್ನು ಬಲಿಪೂಜೆಗೆ ಹೊಂದಿಸುವ ದಾರಿ ತೋರಿಸಿತು. ಲ್ಯಾಟಿನ್ ಸರಿದು ತಮಿಳು ಕನ್ನಡಗಳು ಬಂದವು. ಹಾರ್ಮೋನಿಯಂ, ತಬಲ, ಮೃದಂಗಗಳು ಬಂದವು. ಇಲ್ಲಿಯೂ ಒಂದು ಮಾತು ಹೇಳದಿದ್ದರೆ ನಮ್ಮ ಬರಹ ಅಪ್ರಾಮಾಣಿಕವಾದೀತು. ಭಾರತೀಯತೆ ಎಂಬ ಹೆಸರಿನಲ್ಲಿ ಮೊದಲು ಒಳಗೆ ಬಂದದ್ದು ಮೇಲ್ಜಾತಿಯ ಕಛೇರಿಯ ವಾದ್ಯಗಳು. ಬಹುಪಾಲು ಭಕ್ತಾದಿಗಳ ತಾತಂದಿರು ಬಾರಿಸುತ್ತಿದ್ದ ವಾದ್ಯ ಇನ್ನೂ ಬಹುಕಾಲ ಅಂಗಳದಲ್ಲಿಯೇ ಕಾದಿತ್ತು. ದಲಿತ ಕ್ರೈಸ್ತ ಚಿಂತಕರು ಎತ್ತಿ ಹೇಳಿದ ಮೇಲೆಯೇ ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಅರ್ಪಣೆಯ ಮೆರವಣಿಗೆಗೆ ಪರೆಯ ನಾದ ಸೇರಿತು. ಅದನ್ನು ಕೇಳಿ ಹಿರಿಯರು ಕೆಲವರು ಮುಖ ಸಿಂಡರಿಸಿದರು. ಇದು ಸಾವಿನ ಸದ್ದಲ್ಲವೆ, ಇದನ್ನು ಬಿಟ್ಟು ಬರಲೆಂದೇ ನಮ್ಮಪ್ಪ ಗಣಿಗೆ ಬಂದದ್ದಲ್ಲವೆ ಎಂಬ ಅವರ ಪ್ರಶ್ನೆಯಲ್ಲಿ ನೋವಿದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ.

ಸರ್ಕಾರದ ಮನ್ನಣೆಯ ಲೆಕ್ಕವನ್ನು ಒಮ್ಮೆ ನೋಡಬಹುದು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡನ್ನೆಲ್ಲ ನಗಿಸಿದ, ಕನ್ನಡ ವೃತ್ತಿ ರಂಗಭೂಮಿಯ ಧಣಿ ಗುಬ್ಬಿ ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ದೊರೆಯಿತು. ನಮ್ಮ ಹಳೆಯ ಕೋಲಾರ ಜಿಲ್ಲೆಗೇ ಸೇರಿದ್ದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ, ತಮಟೆ ವಾದನಕ್ಕಾಗಿ, ಅದೇ ಪ್ರಶಸ್ತಿ ಬಂದದ್ದು 2023ರಲ್ಲಿ. ನಾಟಕದ ಧಣಿಯಿಂದ ತಮಟೆಯವನ ವರೆಗೆ ಬರಲು ಐವತ್ತೊಂದು ವರ್ಷ ಹಿಡಿಯಿತು. ಸುದ್ದಿ ಬಂದ ದಿನ ಈ ಭಾಗದ ಎಷ್ಟೋ ಮನೆಗಳಲ್ಲಿ ತಮಗೇ ಪ್ರಶಸ್ತಿ ಬಂದಂತೆ ಹಿಗ್ಗಿದರು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಸಾವಿರಾರು ಜನ ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುತ್ತಾರೆ. ಸಯನೈಡ್ ದಿಬ್ಬಗಳ ಮೇಲೆ ಸಿನಿಮಾದವರು ಚಿತ್ರೀಕರಣ ನಡೆಸುತ್ತಾರೆ. 2018ರಲ್ಲಿಯೂ 2022ರಲ್ಲಿಯೂ ನಮ್ಮ ಊರಿನ ಹೆಸರನ್ನೇ ಹೊತ್ತ ಚಿತ್ರಗಳು ದೇಶವನ್ನೆಲ್ಲ ರಂಜಿಸಿದವು. ಅವುಗಳಲ್ಲಿ ಬಂದೂಕುಗಳಿದ್ದವು, ಗುಂಡಿಯಿಂದ ಮೇಲೆ ಬಂದು ಮುಖ ತೊಳೆದು ಕ್ಲಾರಿಯೊನೆಟ್ ಹಿಡಿಯುತ್ತಿದ್ದ ಮನುಷ್ಯ ಇರಲಿಲ್ಲ. ಹಬ್ಬದ ದಿನ ಮಾತ್ರ ರೈಲು ಹಿಡಿಯದೆ ಊರಿನಲ್ಲಿಯೇ ಉಳಿದು, ಬಣ್ಣಗೆಟ್ಟ ಸಮವಸ್ತ್ರವನ್ನು ಪೆಟ್ಟಿಗೆಯಿಂದ ತೆಗೆಯುವವರು ಇಂದಿಗೂ ಕೆಲವರಿದ್ದಾರೆ.

ಧರ್ಮಕೇಂದ್ರದ ಬಹುತೇಕ ಮನೆಗಳಲ್ಲಿ ಹಳೆಯ ತೇರಿನ ಮೆರವಣಿಗೆಯ, ಮೂರು ರಾಯರ ನಾಟಕದ, ಶವಯಾತ್ರೆಯ ಛಾಯಾಚಿತ್ರಗಳಿರುತ್ತವೆ. ಗುರುಗಳ ಹಿಂದೆ, ಅರ್ಧ ಮುಖ ಕಾಣುವಂತೆ ಬಿಗ್ ಡ್ರಮ್ಮಿನವನೋ ತಮಟೆಯವನೋ ವೇಷಧಾರಿಯೋ ನಿಂತಿರುತ್ತಾನೆ. ಅವರ ಹೆಸರು, ಅವರು ಇಳಿಯುತ್ತಿದ್ದ ಗಣಿ, ನುಡಿಸುತ್ತಿದ್ದ ವಾದ್ಯ ಇವುಗಳನ್ನು ಬಲ್ಲ ಹಿರಿಯರು ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಗುರುಮನೆಗೆ ತಲುಪಿಸಬೇಕೆಂದು ಕೋರುತ್ತೇವೆ. ಪ್ರತಿ ತೆಗೆದುಕೊಂಡು ಮೂಲಚಿತ್ರವನ್ನು ಹಿಂತಿರುಗಿಸಲಾಗುವುದು.